ಫೋಟೋದ ನಡುವಿನ ಗೆರೆ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಫೋಟೋಗಳಿಗೂ ಒಂದು ಪಂಕ್ತಿ ಇರುತ್ತದೆ. ಎಲ್ಲಕ್ಕಿಂತ ಮೇಲೆ ದೇವರು, ಜೊತೆಗೆ ಕಲಬುರಗಿಯ ಶರಣಬಸವೇಶ್ವರರು. ಅದರ ಕೆಳಗೆ ಹಾರ ಹಾಕಿಸಿಕೊಂಡ ಹಿರಿಯರು. ಅದರ ಕೆಳಗೆ ಮದುವೆಯ ಜೋಡಿಗಳು. 1980ರ ದಶಕದಲ್ಲಿ ಈ ಸಾಲಿಗೆ ಇನ್ನೊಂದು ಬಗೆಯ ಚಿತ್ರ ಬಂದು ಸೇರಿತು. ಅದು ಬಣ್ಣದ್ದು. ಅದರಲ್ಲಿ ಹಿಂದೆ ನೀಲಿ ಸಮುದ್ರ, ಎತ್ತರದ ಕಟ್ಟಡ, ಅಗಲವಾದ ರಸ್ತೆ. ಮುಂದೆ ನಮ್ಮವರೇ ನಿಂತಿರುತ್ತಿದ್ದರು. ‘ಅರಬಸ್ತಾನಕ್ಕೆ ಹೋದವರ ಮನೆ’ ಎಂದು ಗುರುತು ಹೇಳಲು ಅಷ್ಟು ಸಾಕಿತ್ತು.

ಕನ್ನಡದಲ್ಲಿ ವಿದೇಶ ಪ್ರವಾಸದ ಪುಸ್ತಕಗಳಿಗೆ ಕೊರತೆಯಿಲ್ಲ. ಶಿವರಾಮ ಕಾರಂತರು ಯುರೋಪು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ದುಡಿಯಲು ಹೋದವರು, ಅವರನ್ನು ನೋಡಲು ಬೇಸಿಗೆ ರಜೆಯಲ್ಲಿ ಹೋಗಿಬಂದ ಹೆಂಡತಿ ಮಕ್ಕಳು ಪುಸ್ತಕ ಬರೆಯಲಿಲ್ಲ. ಅವರ ಪ್ರವಾಸ ಕಥನವೆಲ್ಲ ನಾಲ್ಕಾರು ಫೋಟೋಗಳಲ್ಲೇ ಉಳಿಯಿತು. ಫೋಟೋ ಮಾತಾಡುವುದಿಲ್ಲ, ಕೇಳಿದವರಿಗೆ ಮಾತ್ರ ಮನೆಯವರು ಮಾತಾಡುತ್ತಾರೆ. ಕೇಳುವವರಿಲ್ಲದಿದ್ದರೆ ಕಥೆ ಟ್ರಂಕಿನಲ್ಲೇ ಉಳಿದುಬಿಡುತ್ತದೆ.

ಸೇಡಮ್ಮಿನ ಒಂದು ಮನೆಯಲ್ಲಿ ಕೇಳುವವನು ಹುಟ್ಟಿಕೊಂಡದ್ದು ಶಾಲೆಯ ಕಾರಣದಿಂದ. ಒಂಬತ್ತನೆಯ ತರಗತಿಯ ಹುಡುಗನಿಗೆ ಸಮಾಜ ವಿಜ್ಞಾನದ ಮೇಷ್ಟ್ರು ಒಂದು ಕೆಲಸ ಕೊಟ್ಟಿದ್ದರು: ಮನೆಯಲ್ಲಿರುವ ಒಂದು ಹಳೆಯ ಫೋಟೋ ಆರಿಸಿಕೊಂಡು ಅದರ ಬಗ್ಗೆ ಎರಡು ಪುಟ ಬರೆಯಬೇಕು. ಹುಡುಗನ ತಾಯಿ ತಾನೂ ಶಿಕ್ಷಕಿ. ಆಕೆ ತವರು ಮನೆಯ ಕಬ್ಬಿಣದ ಟ್ರಂಕು ತೆರೆದು, ಹಳೆಯ ಬ್ಯಾಂಕ್ ಪಾಸ್‌ಬುಕ್ಕುಗಳ ನಡುವಿನಿಂದ ಒಂದು ಫೋಟೋ ತೆಗೆದು ಮಗನ ಕೈಗಿಟ್ಟಳು.

ಮೂರು ಗೋಪುರ, ನಾಲ್ಕು ಜನ

ಅಂಗೈಯಗಲದ ಚಿತ್ರ. ಬಣ್ಣ ಮಾಸಿ ಆಕಾಶವೂ ಸಮುದ್ರವೂ ಕೆಂಪಾಗಿವೆ. ನಾಲ್ಕು ಜನ ನಿಂತಿದ್ದಾರೆ. ತುಂಬು ತೋಳಿನ ಅಂಗಿ ತೊಟ್ಟ ಗಂಡಸು, ತಲೆಯ ಮೇಲೆ ಸೆರಗು ಹೊದ್ದ ಹೆಂಗಸು, ಎರಡು ಜಡೆ ಕಟ್ಟಿದ ಹನ್ನೊಂದು ವರ್ಷದ ಹುಡುಗಿ, ಹೊಸ ಟೋಪಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ ಆರು ವರ್ಷದ ಹುಡುಗ. ಅವರ ಹಿಂದೆ ಮೂರು ಗೋಪುರಗಳು. ದೊಡ್ಡದರಲ್ಲಿ ಎರಡು ಗುಂಡುಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಸಿಕ್ಕಿಕೊಂಡಿವೆ, ಮತ್ತೊಂದರಲ್ಲಿ ಒಂದು ಗುಂಡು, ಮೂರನೆಯದು ಸೂಜಿಯಂತೆ ಬರಿದು.

ಚಿತ್ರದ ನಡುಮಧ್ಯದಲ್ಲಿ ಅಡ್ಡಲಾಗಿ ಒಂದು ಬಿಳಿಯ ಗೆರೆ. ಮಡಚಿದ ಕಡೆ ಬಣ್ಣದ ಪದರ ಉದುರಿ ಕಾಗದ ಕಾಣುತ್ತಿದೆ. ಗೆರೆ ಸರಿಯಾಗಿ ಗಂಡಸಿನ ಹಣೆಯ ಮೇಲೆ ಹಾದುಹೋಗಿದೆ. ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲ.

ಆ ಗಂಡಸು ಹುಡುಗನ ಮುತ್ಯಾ, ಅಂದರೆ ತಾಯಿಯ ತಂದೆ. ಎರಡು ಜಡೆಯ ಹುಡುಗಿಯೇ ತಾಯಿ. ಊರು ಕುವೈತ್. ಇಷ್ಟು ಎಲ್ಲರಿಗೂ ಗೊತ್ತಿತ್ತು. ಯಾವ ವರ್ಷ ಎಂದು ಕೇಳಿದಾಗ ಮಾತ್ರ ಜಗಳ ಹತ್ತಿತು. ತಾಯಿ 1988 ಎಂದಳು. ಆಯಿ, “ತಮ್ಮನ್ನ ಒಂದನೇ ಇಯತ್ತೆಗೆ ಹಾಕೂ ವರ್ಷ” ಎಂದಳು. ಮುತ್ಯಾ ಏನೂ ಹೇಳದೆ ಎದ್ದು ಹೋಗಿ, ಅದೇ ಟ್ರಂಕಿನ ತಳದಿಂದ ಹೆಂಡತಿಯ ಹಳೆಯ ಪಾಸ್‌ಪೋರ್ಟ್ ತಂದ. ಅದರಲ್ಲಿ ಅರಬ್ಬಿ ಅಕ್ಷರದ ಮುದ್ರೆ ಇತ್ತು. ತಿಂಗಳು ಏಪ್ರಿಲ್, ವರ್ಷ 1989. ಜಗಳ ಮುಗಿಯಿತು. ನೆನಪಿಗಿಂತ ಮುದ್ರೆ ಗಟ್ಟಿ ಎಂಬ ಚರಿತ್ರೆಯ ಮೊದಲ ಪಾಠ ಹುಡುಗನಿಗೆ ಮನೆಯಲ್ಲೇ ಸಿಕ್ಕಿತು.

ಟೋಪಿ ಹಿಡಿದುಕೊಂಡ ಸೋದರಮಾವ ಈಗ ಪುಣೆಯಲ್ಲಿದ್ದಾನೆ. ಫೋನಿನಲ್ಲಿ ಕೇಳಿದರೆ ಆತ ಗಾಳಿ, ಸಮುದ್ರ, ಟೋಪಿ ಎಲ್ಲವನ್ನೂ ವರ್ಣಿಸಿದ. ಆಮೇಲೆ ನಕ್ಕು, “ನನಗ ಖರೇ ನೆನಪದನೋ, ಫೋಟೋ ನೋಡಿ ನೋಡಿ ನೆನಪಾಗ್ಯದನೋ ಗೊತ್ತಿಲ್ಲಪಾ” ಎಂದ. ಇದು ಅವನೊಬ್ಬನ ಮಾತಲ್ಲ. ಚಿಕ್ಕಂದಿನ ಅನೇಕ ನೆನಪುಗಳು ಹೀಗೆ ಚಿತ್ರಗಳಿಂದಲೂ ಹಿರಿಯರ ಮಾತುಗಳಿಂದಲೂ ಆಮೇಲೆ ಕಟ್ಟಿಕೊಂಡವು ಎಂದು ಮನಃಶಾಸ್ತ್ರ ಬಲ್ಲವರು ಹೇಳುತ್ತಾರೆ.

ಶಹಾಬಾದಿನಿಂದ ಸಮುದ್ರದ ನೀರಿಗೆ

ಮುತ್ಯಾ ಶಹಾಬಾದಿನಲ್ಲಿ ಬೆಸುಗೆ ಕೆಲಸ ಕಲಿತವನು. ಹೊರಗಿನವರಿಗೆ ಶಹಾಬಾದ್ ಎಂದರೆ ಹಾಸುಗಲ್ಲು. ದೇಶದ ಎಷ್ಟೋ ರೈಲು ನಿಲ್ದಾಣಗಳಲ್ಲಿ, ಮನೆಗಳಲ್ಲಿ ನಡೆಯುವವರ ಕಾಲ ಕೆಳಗಿರುವುದು ಆ ಕಲ್ಲೇ. ಆದರೆ ಆ ಊರಿಗೆ ಸಿಮೆಂಟಿನ ಹೆಸರೂ ಇತ್ತು, ಬಾಯ್ಲರ್ ಮಾಡುವ ಕಾರ್ಖಾನೆಯ ಹೆಸರೂ ಇತ್ತು. ಬಾಯ್ಲರಿನ ಕೊಳವೆಗೆ ಹಾಕುವ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೂ ಉಗಿಯ ಒತ್ತಡಕ್ಕೆ ತಡೆಯದು. ಆ ಕೈ ಇದ್ದವನಿಗೆ 1983ರಲ್ಲಿ ಕುವೈತಿನಲ್ಲಿ ಕೆಲಸ ಸಿಕ್ಕಿತು.

ಅಲ್ಲಿ ಬಾಯ್ಲರಿಗೇನು ಕೆಲಸ ಎಂದು ವಿದ್ಯಾರ್ಥಿಗಳು ಕೇಳಬಹುದು. ಕುವೈತಿನಲ್ಲಿ ನದಿಯೇ ಇಲ್ಲ. ಹಿಂದೆ ಇರಾಕಿನ ಶತ್ ಅಲ್ ಅರಬ್ ನದಿಯಿಂದ ಹಾಯಿ ಹಡಗುಗಳಲ್ಲಿ ಸಿಹಿನೀರು ತಂದು ಮಾರುತ್ತಿದ್ದರು. ಆ ಹಡಗು ಕಟ್ಟಲು ನಮ್ಮ ಮಲಬಾರಿನ ತೇಗ ಹೋಗುತ್ತಿತ್ತು. 1950ರ ದಶಕದಿಂದ ಸಮುದ್ರದ ಉಪ್ಪುನೀರನ್ನೇ ಕುಡಿಯುವ ನೀರಾಗಿಸುವ ಸ್ಥಾವರಗಳು ಬಂದವು. ಬಾಯ್ಲರಿನ ಉಗಿ ಮೊದಲು ವಿದ್ಯುತ್ ಯಂತ್ರವನ್ನು ತಿರುಗಿಸುತ್ತದೆ. ಆಮೇಲೆ ಅದೇ ಉಗಿಯ ಕಾವಿಗೆ ಸಮುದ್ರದ ನೀರು ಆವಿಯಾಗುತ್ತದೆ. ಆವಿ ತಣಿದರೆ ಉಪ್ಪಿಲ್ಲದ ನೀರು. ಫೋಟೋದಲ್ಲಿರುವ ಗೋಪುರಗಳೂ ಶೋಕಿಗೆ ಕಟ್ಟಿದವಲ್ಲ. 1979ರ ಮಾರ್ಚ್ 1ರಂದು ಸಾರ್ವಜನಿಕರಿಗೆ ತೆರೆದ ಈ ಕುವೈತ್ ಗೋಪುರಗಳಲ್ಲಿ ಎತ್ತರದ್ದು 187 ಮೀಟರ್. ಅದರ ಕೆಳಗಿನ ಗುಂಡಿನಲ್ಲಿಯೂ ಪಕ್ಕದ ಗೋಪುರದ ಗುಂಡಿನಲ್ಲಿಯೂ ಇರುವುದು ನೀರು. ಸೇಡಮ್ಮಿನಲ್ಲಿದ್ದ ಮುತ್ಯಾನ ತಾಯಿಗೆ ಫೋಟೋ ತಲುಪಿದಾಗ ಆಕೆ, “ಇಷ್ಟ್ ದೂರ ಹೋಗಿ ನೀರಿನ ಟಾಕಿ ಮುಂದ ನಿಂತು ಫೋಟೋ ತಗಸ್ಯಾರಲ್ಲ” ಎಂದು ನಕ್ಕಿದ್ದಳಂತೆ.

ಅರಬ್ ನಾಡಿಗೂ ಈ ಸೀಮೆಗೂ ಇರುವ ನಂಟು ಹೊಸದೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕ್ರಿ.ಶ. 851ರ ಹೊತ್ತಿಗೆ, ಅಂದರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಅರಬ್ ವರ್ತಕ ಸುಲೈಮಾನನದೆಂದು ಹೇಳುವ ಬರಹ ಇಲ್ಲಿಯ ದೊರೆಯನ್ನು ‘ಬಲ್ಹಾರ’ ಎಂದು ಕರೆದು, ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿತು. ಉಳಿದ ಮೂವರು ಬಾಗ್ದಾದಿನ ಖಲೀಫ, ಚೀನದ ದೊರೆ, ರೋಮಿನ ಚಕ್ರವರ್ತಿ. ಮುಂದಿನ ಶತಮಾನದ ಅಲ್ ಮಸೂದಿ ಊರಿನ ಹೆಸರನ್ನು ‘ಮಾನ್ಕೀರ್’ ಎಂದು ಬರೆದ. ಅಂದು ಅವರು ಇಲ್ಲಿಯ ಸಿರಿಯನ್ನು ಕೇಳಿ ಬರೆದರು. ಸಾವಿರ ವರ್ಷದ ಮೇಲೆ ಕಾಗಿಣಾ ದಂಡೆಯವರು ಅಲ್ಲಿಗೆ ಬೆಸುಗೆ ಹಾಕಲು ಹೋದರು. ಇನ್ನೊಂದು ಮಾತು. 1961ರಲ್ಲಿ ತನ್ನದೇ ದಿನಾರ್ ಬರುವ ತನಕ ಕುವೈತಿನಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ.

1989ರ ಬೇಸಿಗೆಯಲ್ಲಿ ಆಯಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಆಗಿನ ಬೊಂಬಾಯಿಗೆ, ಅಲ್ಲಿಂದ ವಿಮಾನದಲ್ಲಿ ಕುವೈತಿಗೆ ಹೋದಳು. ಅದಕ್ಕೆ ಮೊದಲು ಆಕೆ ಹೋಗಿದ್ದ ದೂರದ ಊರೆಂದರೆ ಹೈದರಾಬಾದ್. ಒಂದೂವರೆ ತಿಂಗಳು ಫರ್ವಾನಿಯಾದ ಒಂದು ಕೋಣೆಯಲ್ಲಿ ಇದ್ದು ಬಂದರು. ಆ ದಿನಗಳ ಬಗ್ಗೆ ಮೂವರ ನೆನಪು ಮೂರು ಬಗೆ. ಮಗಳಿಗೆ ನೆನಪಿರುವುದು ತಾನಾಗಿಯೇ ಮೇಲೇರುವ ಮೆಟ್ಟಿಲು, ತಣ್ಣನೆಯ ಬಸ್ಸು. ಆಯಿಗೆ ನೆನಪಿರುವುದು ಲೆಕ್ಕ: ಒಂದು ಐಸ್‌ಕ್ರೀಮಿನ ಬೆಲೆ ರೂಪಾಯಿಗೆ ತಿರುಗಿಸಿದರೆ ಎಷ್ಟು ಸೇರು ಜೋಳ ಬರುತ್ತದೆ ಎಂಬುದು. ಮುತ್ಯಾನಿಗೆ ನೆನಪಿರುವುದು ನಿದ್ದೆ. ರಜೆ ಸಿಗಲೆಂದು ಅದಕ್ಕೆ ಮೊದಲು ಎರಡೆರಡು ಪಾಳಿ ದುಡಿದಿದ್ದ. ಫೋಟೋ ತೆಗೆಸಿದ ದಿನ ಅವನಿಗೆ ಜ್ವರ. “ನಗು ಅಂದಾಗ ನಕ್ಕೀವಿ” ಎಂದಳು ಆಯಿ.

ಯಾಶಿಕಾ ಕ್ಯಾಮೆರಾ ಮುತ್ಯಾನದೇ. ಗುಂಡಿ ಒತ್ತಿದವನು ಕೋಣೆಯ ಜೊತೆಗಾರ, ಕೇರಳದವನು. ಅಂಗಡಿಯಲ್ಲಿ ಪ್ರತಿ ಚಿತ್ರಕ್ಕೆ ಎರಡು ಪ್ರತಿ ಹಾಕಿಸಿದ್ದರು. ಒಂದು ಪ್ರತಿ ಆಲ್ಬಂಗೆ. ಇನ್ನೊಂದರಲ್ಲಿ ಚೆನ್ನಾಗಿ ಬಂದ ಈ ಒಂದೇ ಚಿತ್ರವನ್ನು ಸೇಡಮ್ಮಿನ ಹಿರಿಯಳಿಗೆಂದು ಹೆಂಡತಿಯ ಕೈಲಿ ಕಳಿಸಿದ. ಉಳಿದದ್ದೆಲ್ಲ ಅಲ್ಲೇ ಇರಲಿ, ಮುಂದಿನ ವರ್ಷ ಬಂದಾಗ ನೋಡೋಣ ಎಂದಿದ್ದ.

ಗೆರೆ ಅಳಿಸಬೇಕೋ ಬೇಡವೋ

ಶಾಲೆಗೆ ಕೊಡುವ ಫೋಟೋ ಹೀಗೆ ಮಡಿಕೆ ಬಿದ್ದು ಹರುಕಾಗಿರುವುದು ತಾಯಿಗೆ ಸರಿಬರಲಿಲ್ಲ. ಕಲಬುರಗಿಯ ಸ್ಟುಡಿಯೋದವನು ಫೋಟೋ ನೋಡಿ, “ಅರ್ಧ ತಾಸಿನ ಕೆಲಸ ರೀ ಮೇಡಂ. ಗೆರಿ ಇತ್ತು ಅನ್ನೋದೇ ಗೊತ್ತಾಗಂಗಿಲ್ಲ. ಆಕಾಶಾನೂ ನೀಲಿ ಮಾಡಿ ಕೊಡ್ತೀನಿ” ಎಂದ. ಆಕೆ ಒಪ್ಪಿ, ಮರುದಿನ ಕೊಡುತ್ತೇನೆಂದು ಹೇಳಿ ಮನೆಗೆ ಬಂದಳು. ಚಿತ್ತಾಪುರದಿಂದ ಬಂದಿದ್ದ ಕಾಕಾ ಅಂದು ಮನೆಯಲ್ಲಿದ್ದ. ಫೋಟೋವನ್ನು ಯಾರು ಇಷ್ಟು ಕೆಡಿಸಿದರೋ ಎಂದು ಆಕೆ ಅಂದ ಮಾತು ಅವನ ಕಿವಿಗೆ ಬಿತ್ತು.

“ನಾನೇ ಮಡಚೀನವ್ವ” ಎಂದ ಕಾಕಾ. “ಮಡಚಲಿಲ್ಲಂದ್ರ ಅಂಗಿ ಕಿಸೆದಾಗ ಹಿಡೀತಿರಲಿಲ್ಲ. ಚೀಲದಾಗ ಇಟ್ರ ಬೊಂಬಾಯಿದಾಗ ಚೀಲಾನೇ ಹೋದ್ರ?”

ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದ ಸಂಗತಿ ಅಂದು ಸಂಜೆ ಹೊರಗೆ ಬಂತು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ಹೊಕ್ಕಿತು. ಶಾಲೆ ಶುರುವಾಗಿದ್ದರಿಂದ ಹೆಂಡತಿ ಮಕ್ಕಳು ಸೇಡಮ್ಮಿನಲ್ಲಿದ್ದರು. ಮುತ್ಯಾ ಒಬ್ಬನೇ ಅಲ್ಲಿದ್ದ. ದೂರವಾಣಿ ಕಡಿದುಹೋಯಿತು, ಟಪಾಲು ನಿಂತಿತು. ಆಗ ಕುವೈತಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಆಕಾಶವಾಣಿಯಲ್ಲಿ ವಾರ್ತೆ ಬರುತ್ತಿತ್ತು, ಆದರೆ ವಾರ್ತೆಯಲ್ಲಿ ಒಬ್ಬೊಬ್ಬರ ಹೆಸರು ಬರುವುದಿಲ್ಲ. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಮಾತಾಡಿದರು. ಜನರನ್ನು ಬಸ್ಸುಗಳಲ್ಲಿ ಬಸ್ರಾ, ಬಾಗ್ದಾದ್ ದಾರಿಯಾಗಿ ಜೋರ್ಡಾನಿನ ಅಮ್ಮಾನಿಗೆ ತಂದು, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಬೊಂಬಾಯಿಗೆ ಕರೆತರುವ ಏರ್ಪಾಡಾಯಿತು. 59 ದಿನಗಳಲ್ಲಿ 488 ಹಾರಾಟ, 1 ಲಕ್ಷ 11 ಸಾವಿರಕ್ಕೂ ಹೆಚ್ಚು ಜನ. ನಾಗರಿಕ ವಿಮಾನ ಸಂಸ್ಥೆಯೊಂದು ಮಾಡಿದ ಅತಿ ದೊಡ್ಡ ತೆರವು ಕಾರ್ಯವೆಂದು ಇದು ದಾಖಲೆಗೆ ಸೇರಿತು. 2016ರಲ್ಲಿ ಬಂದ ‘ಏರ್‌ಲಿಫ್ಟ್’ ಎಂಬ ಹಿಂದಿ ಚಿತ್ರವನ್ನು ಮಕ್ಕಳು ನೋಡಿರಬಹುದು. ಚಿತ್ರದಲ್ಲಿ ಎಲ್ಲವನ್ನೂ ಒಬ್ಬ ನಾಯಕ ಮಾಡುತ್ತಾನೆ. ನಿಜದಲ್ಲಿ ಅದು ವಿಮಾನದ ಸಿಬ್ಬಂದಿ, ರಾಯಭಾರ ಕಚೇರಿಯವರು, ಅಲ್ಲಿಯ ಭಾರತೀಯರು ತಾವೇ ಕಟ್ಟಿಕೊಂಡ ಸಮಿತಿಗಳು, ಹೀಗೆ ನೂರಾರು ಜನರ ಕೆಲಸ.

ಆಗಸ್ಟ್ ಕೊನೆಗೆ ಕಾಕಾ ವಾಡಿಯಲ್ಲಿ ರೈಲು ಹತ್ತಿದ. ಆಗ ಅವನಿಗೆ ಮೂವತ್ತು ದಾಟಿತ್ತಷ್ಟೆ. ಅಣ್ಣನ ಒಂಟಿ ಫೋಟೋ ಮನೆಯಲ್ಲಿ ಇರಲಿಲ್ಲ. ಹಳೆಯ ಮದುವೆಯ ಫೋಟೋದಲ್ಲಿ ಗುರುತು ಸಿಗುವಂತಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ಈ ಚಿತ್ರವನ್ನು ತಾಯಿ ತಾನೇ ಕಟ್ಟಿನಿಂದ ಬಿಚ್ಚಿ ಕೊಟ್ಟಳು. ಸಹಾರ್ ವಿಮಾನ ನಿಲ್ದಾಣದ ಹೊರಗೆ ಕಾಕಾ ಒಂಬತ್ತು ದಿನ ನಿಂತ. ರಾತ್ರಿ ಹಗಲು ಎನ್ನದೆ ವಿಮಾನಗಳು ಬರುತ್ತಿದ್ದವು. ಒಂದು ಚೀಲವೋ ಅದೂ ಇಲ್ಲದೆಯೋ ಜನ ಹೊರಬರುತ್ತಿದ್ದರು. ಕಂಡಕಂಡವರ ಮುಂದೆ ಕಾಕಾ ಫೋಟೋ ಬಿಚ್ಚಿ ತೋರಿಸಿ, ನಮ್ಮ ಕಡೆಯ ದಖನಿ ಹಿಂದಿಯಲ್ಲಿ, “ಯೇ ಹಮಾರಾ ಭಾಯಿ, ದೇಖೇ ಕ್ಯಾ?” ಎಂದು ಕೇಳುತ್ತಿದ್ದ. ತೋರಿಸುವುದು, ಮಡಚುವುದು, ಕಿಸೆಯಲ್ಲಿಡುವುದು, ಮತ್ತೆ ತೆಗೆಯುವುದು. ಮಳೆಗಾಲ ಬೇರೆ. ಆ ಒಂಬತ್ತು ದಿನಗಳಲ್ಲಿ ಗೆರೆ ಬಿತ್ತು, ಬಣ್ಣ ಉದುರಿತು.

“ಅವರ ಕಣ್ಣು ಫೋಟೋದಾಗ ಅಣ್ಣನ ಮ್ಯಾಗ ಬೀಳ್ತಿರಲಿಲ್ಲವ್ವ” ಎಂದ ಕಾಕಾ. “ಹಿಂದಿನ ಗೋಪುರ ನೋಡ್ತಿದ್ರು. ಒಬ್ಬಾಕಿ ಅದನ್ನ ನೋಡಿ ಅಲ್ಲೇ ನಿಂತು ಅತ್ತಳು. ನಾ ಕೇಳಿದ್ದಕ್ಕ ಉತ್ತರಾ ಕೊಡಲಿಲ್ಲ.”

ಒಂಬತ್ತನೆಯ ದಿನ ಮಂಗಳೂರು ಕಡೆಯವರೊಬ್ಬರು ಫೋಟೋ ಹಿಡಿದು ನೋಡಿ, “ಇವರು ಫರ್ವಾನಿಯಾದವರಲ್ವಾ ಮಾರಾಯ್ರೆ? ಇದ್ದಾರೆ, ಏನೂ ಆಗಲಿಲ್ಲ. ಬಸ್ಸಿಗೆ ಹೆಸರು ಬರೆಸಿದ್ದಾರೆ” ಎಂದರು. ಕಾಕಾ ಅವರ ಹೆಸರು ಕೇಳುವುದನ್ನೂ ಮರೆತು ತಾರು ಕಚೇರಿಗೆ ಓಡಿದ. ಸೇಡಮ್ಮಿಗೆ ತಂತಿ ಬಂತು. ತಂತಿ ಎಂದರೇನು ಎಂದು ಈಗಿನ ಹುಡುಗ ಕೇಳಿದ. ದೇಶದಲ್ಲಿ ಆ ಸೇವೆ 2013ರ ಜುಲೈನಲ್ಲಿ ನಿಂತುಹೋಗಿದೆ. ಅಂದು ತಂತಿಯವನು ಬಂದನೆಂದರೆ ಮನೆಯವರು ಕೆಟ್ಟದ್ದನ್ನೇ ಎಣಿಸಿ ಅಳಲು ಶುರುಮಾಡುತ್ತಿದ್ದರು. ಆಯಿಯೂ ಓದಿಸುವ ಮೊದಲೇ ಅತ್ತಿದ್ದಳಂತೆ.

ಬರಿಗೈಯಲ್ಲಿ ಬಂದವನು

ಮುತ್ಯಾ ಸೆಪ್ಟೆಂಬರಿನಲ್ಲಿ ಬಂದ. ಜೋರ್ಡಾನ್ ಗಡಿಯ ಮರಳಿನಲ್ಲಿ ಗುಡಾರದಡಿ ದಿನ ಕಳೆದು ಬಂದಿದ್ದ. ಕ್ಯಾಮೆರಾವನ್ನು ದಾರಿಯಲ್ಲಿ ರೊಟ್ಟಿ, ನೀರಿಗಾಗಿ ಮಾರಿದ್ದ. ಕೋಣೆಯಲ್ಲಿ ಬಿಟ್ಟುಬಂದ ಟ್ರಂಕು, ಪಾತ್ರೆ, ರೇಡಿಯೋ, ಆಲ್ಬಂ ಯಾವುದೂ ಮತ್ತೆ ಸಿಗಲಿಲ್ಲ. ಆ ಪ್ರವಾಸದಲ್ಲಿ ತೆಗೆಸಿದ ಚಿತ್ರಗಳಲ್ಲಿ ಉಳಿದದ್ದು ಸೇಡಮ್ಮಿಗೆ ಬಂದಿದ್ದ ಈ ಒಂದೇ.

1991ರ ಫೆಬ್ರವರಿ ಕೊನೆಯಲ್ಲಿ ಕುವೈತ್ ಬಿಡುಗಡೆಯಾಯಿತು. ಅದೇ ವರ್ಷ ವಿಶ್ವಸಂಸ್ಥೆ ಜಿನೀವಾದಲ್ಲಿ ಪರಿಹಾರ ಆಯೋಗವೊಂದನ್ನು ರಚಿಸಿತು. ಊರು ಬಿಟ್ಟು ಬರಬೇಕಾದವರಿಗೆ, ಆಸ್ತಿ ಕಳೆದುಕೊಂಡವರಿಗೆ ಬೇರೆ ಬೇರೆ ವರ್ಗದ ಅರ್ಜಿಗಳಿದ್ದವು. ಭಾರತದಿಂದಲೂ ಸಾವಿರಾರು ಅರ್ಜಿಗಳು ಹೋದವು. ಮುತ್ಯಾ ಕಳೆದುಹೋದ ಸಾಮಾನುಗಳ ಪಟ್ಟಿ ಮಾಡುವಾಗ ಪಾತ್ರೆ, ಬಟ್ಟೆ, ರೇಡಿಯೋ ಬರೆಸಿದ. ಆಲ್ಬಂ ಬರೆಸಲಿಲ್ಲ. ಯಾಕೆಂದು ಹುಡುಗ ಕೇಳಿದಾಗ, “ಅದರ ಮುಂದ ಎಷ್ಟು ರೂಪಾಯಿ ಅಂತ ಬರೀಲಿ?” ಎಂದ.

ಮಗಳಿಗೆ ನೋವಾದದ್ದು ಬೇರೆ ಕಾರಣಕ್ಕೆ. ಆ ವರ್ಷ ಆಕೆಗೆ ಹನ್ನೆರಡು. ಅಪ್ಪ ತಡವಾಗಿ ಬಂದದ್ದು, ಮನೆಯಲ್ಲಿ ದೊಡ್ಡವರು ಪಿಸುಗುಟ್ಟಿದ್ದು, ಆಯಿಯ ಕೈಬಳೆ ಕಾಣದಾದದ್ದು ನೆನಪಿತ್ತು. ಆದರೆ ಕಾಕಾ ಒಂಬತ್ತು ದಿನ ನಿಂತದ್ದನ್ನು ಯಾರೂ ಹೇಳಿರಲಿಲ್ಲ. ಅಪ್ಪ ವಿದೇಶದಿಂದ ಬಂದರೆ ಸೂಟ್‌ಕೇಸು ತರುತ್ತಾನೆ ಎಂದು ಊರು ನಂಬಿದ್ದ ಕಾಲ ಅದು. ಬರಿಗೈಯಲ್ಲಿ ಬಂದವನು ಎಂಬ ಮಾತಿಗೆ ಮನೆಯವರು ಹೆದರಿದ್ದರು. ಅದಕ್ಕೇ ಆ ಎರಡು ತಿಂಗಳನ್ನು ಎಲ್ಲರೂ ಸೇರಿ ಮರೆತಂತೆ ಇದ್ದರು. ಫೋಟೋ ಗೋಡೆಯಿಂದ ಟ್ರಂಕಿಗೆ ಹೋಯಿತು. “ಮಕ್ಕಳಿಗೆ ಯಾಕ ಹೇಳಬೇಕು, ಅಂಜತಾವ ಅಂತ ಸುಮ್ಮನಿದ್ವಿ” ಎಂದಳು ಆಯಿ. ಮಗಳು, “ಹೇಳದಿದ್ದಾಗೇ ಹೆಚ್ಚು ಅಂಜಿದ್ದೆವ್ವ” ಎಂದಳು.

ಪಾಲಕರು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಮನೆಯ ಕಷ್ಟವನ್ನು ಮಕ್ಕಳಿಂದ ಮುಚ್ಚಿಡುವುದು ಪ್ರೀತಿಯಿಂದಲೇ. ಆದರೆ ಮಕ್ಕಳು ಪಿಸುಮಾತನ್ನು ಕೇಳಿಸಿಕೊಳ್ಳುತ್ತಾರೆ, ಅರ್ಥವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಅಪ್ಪನಿಗೆ ತಮ್ಮ ಮೇಲೆ ಸಿಟ್ಟಿದೆ, ಅದಕ್ಕೇ ಮಾತಾಡುತ್ತಿಲ್ಲ ಎಂದು ಆ ಹುಡುಗಿ ವರ್ಷಗಟ್ಟಲೆ ತಿಳಿದಿದ್ದಳು.

ಚಂದ್ರಂಪಳ್ಳಿಯ ಇನ್ನೊಂದು ಚಿತ್ರ

ಅದೇ ಟ್ರಂಕಿನಲ್ಲಿ ಇನ್ನೊಂದು ಫೋಟೋ ಇತ್ತು. ಅದು 1992ರ ದಸರಾ ರಜೆಯದು. ಮುತ್ಯಾ ಆಗ ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಬೆಸುಗೆ ಕೆಲಸ ಮಾಡುತ್ತಿದ್ದ. ಈ ಸಲ ರಜೆಗೆ ಎಲ್ಲಿಗೆ ಎಂದು ಮಗ ಕೇಳಿದನಂತೆ. ಮುತ್ಯಾ ಎಲ್ಲರನ್ನೂ ಚಿಂಚೋಳಿ ಬಸ್ಸಿಗೆ ಹತ್ತಿಸಿ, ಮುಂದೆ ಟೆಂಪೋ ಹಿಡಿದು ಚಂದ್ರಂಪಳ್ಳಿ ಜಲಾಶಯಕ್ಕೆ ಕರೆದೊಯ್ದ. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು.

ಚಂದ್ರಂಪಳ್ಳಿ ನೋಡದವರಿಗೆ ಒಂದು ಮಾತು. ಬಿಸಿಲಿನ ಜಿಲ್ಲೆ ಎಂದು ಹೆಸರಾದ ಕಲಬುರಗಿಯ ಈಶಾನ್ಯ ಮೂಲೆಯಲ್ಲಿ, ತೆಲಂಗಾಣದ ಗಡಿಗೆ ಹತ್ತಿರ, ಗುಡ್ಡಗಳ ನಡುವೆ ಈ ನೀರು ನಿಂತಿದೆ. ಮುಲ್ಲಾಮಾರಿ ನದಿಯನ್ನು ಸೇರುವ ಸರನಾಲ ಹಳ್ಳಕ್ಕೆ ಕಟ್ಟಿದ ಒಡ್ಡು ಇದು. ಸುತ್ತಲೂ ಕಾಡು. ತೇಗ, ಶ್ರೀಗಂಧ, ರಕ್ತಚಂದನದ ಮರಗಳಿವೆ. ತೋಳ, ಕತ್ತೆಕಿರುಬಗಳೂ ಇವೆ. ಅಂಚಿನಲ್ಲಿ ಲಂಬಾಣಿ ತಾಂಡಾಗಳು. 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ಕಾಡನ್ನು ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಿದರು. ದಕ್ಷಿಣ ಭಾರತದ ಒಣ ಬಯಲುಸೀಮೆಯಲ್ಲಿ ಇಂಥ ಧಾಮ ಅಪರೂಪ.

ಆ ದಿನ ಒಡ್ಡಿನ ಮೇಲೆ ನಿಂತು ಮುತ್ಯಾ ಮಕ್ಕಳಿಗೆ ಲೆಕ್ಕ ಹೇಳಿದ್ದ. ಅಲ್ಲಿ ಒಂದು ಕೊಡ ಸಿಹಿನೀರಿಗೆ ಎಷ್ಟು ಎಣ್ಣೆ ಉರಿಯಬೇಕು, ಎಷ್ಟು ಕೊಳವೆ ಬೆಸೆಯಬೇಕು. ಇಲ್ಲಿ ಕಾಡು ಸುಮ್ಮನೆ ನಿಂತು ಮಳೆಯ ನೀರನ್ನು ಹಿಡಿದು ಹಳ್ಳಕ್ಕೆ ಬಿಡುತ್ತದೆ. ಬಂದ ಮೇಲೆ ಎರಡು ವರ್ಷದಲ್ಲಿ ಅಪ್ಪ ಅಷ್ಟು ಮಾತಾಡಿದ್ದು ಅಂದೇ ಮೊದಲು ಎಂದು ಮಗಳು ನೆನೆಯುತ್ತಾಳೆ. ಕಾಕಾ ಯಾರಿಂದಲೋ ಎರವಲು ತಂದ ಕ್ಯಾಮೆರಾದಲ್ಲಿ ನಾಲ್ವರನ್ನೂ ನಿಲ್ಲಿಸಿ ಚಿತ್ರ ತೆಗೆದ. ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದರೆ ನಾಲ್ವರೂ ಅದೇ ಸಾಲಿನಲ್ಲಿ ನಿಂತಿದ್ದಾರೆ. ಎರಡರಲ್ಲೂ ಬೆನ್ನ ಹಿಂದೆ ಇರುವುದು ಕೂಡಿಟ್ಟ ನೀರು. ಯಾವುದು ಒಳ್ಳೆಯ ಪ್ರವಾಸ ಎಂದು ಹುಡುಗ ಕೇಳಿದಾಗ ಆಯಿ ಅನುಮಾನವಿಲ್ಲದೆ ಚಂದ್ರಂಪಳ್ಳಿ ಎಂದಳು. “ಅಲ್ಲಿ ಲೆಕ್ಕಾ ಹಾಕೂದಿರಲಿಲ್ಲ” ಎಂಬುದು ಆಕೆಯ ಕಾರಣ.

ಹಿಂಬದಿಯಲ್ಲಿ ಬರೆಯುವುದು

ಗೆರೆ ಅಳಿಸುವ ಪ್ರಶ್ನೆ ಹಾಗೆಯೇ ಉಳಿದಿತ್ತು. ಮಗಳು ಬೇಡವೆಂದಳು. ಮುತ್ಯಾ, “ಎರಡೂ ಇರಲಿ” ಎಂದ. ಹಳೆಯ ಕಾಗದ ಪತ್ರ ಕಾಪಾಡುವವರೂ ಹೇಳುವುದು ಅದನ್ನೇ. ಮೊದಲು ಚಿತ್ರವನ್ನು ಇದ್ದಂತೆಯೇ, ಮಡಿಕೆ ಕಲೆಗಳ ಸಮೇತ, ಮುಂದೆ ಹಿಂದೆ ಎರಡೂ ಬದಿ ಸ್ಕ್ಯಾನ್ ಮಾಡಿಸಬೇಕು. ಅದನ್ನು ಮುಟ್ಟದೆ ಇಟ್ಟು, ತಿದ್ದುವುದಿದ್ದರೆ ಅದರ ಪ್ರತಿಯ ಮೇಲೆ ತಿದ್ದಬೇಕು. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಅದನ್ನು ಮೂಲವೆಂದು ನಂಬಬಾರದು.

ಆ ಕಾಲದ ಬಣ್ಣದ ಫೋಟೋಗಳು ಕೆಂಪಾಗುವುದಕ್ಕೂ ಕಾರಣವಿದೆ. ಬಣ್ಣದ ಚಿತ್ರದಲ್ಲಿ ಮೂರು ಪದರಗಳಿರುತ್ತವೆ: ಹಳದಿ, ಕೆನ್ನೀಲಿಗೆಂಪು, ಹಸಿರುನೀಲಿ. ಕಾವಿನಲ್ಲಿ, ಕತ್ತಲಲ್ಲಿದ್ದರೂ, ಹಸಿರುನೀಲಿ ಬಣ್ಣ ಮೊದಲು ಸೋಲುತ್ತದೆ. ಉಳಿದವು ಮೇಲೇರಿ ಚಿತ್ರ ಕೆಂಪಾಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಕೆಳಗಿಟ್ಟ ಕಬ್ಬಿಣದ ಟ್ರಂಕು ಫೋಟೋಗಳಿಗೆ ಒಲೆಯಿದ್ದಂತೆ. ಮನೆಯ ತಂಪಾದ ಒಳಗೋಡೆಯ ಕಪಾಟು ಮೇಲು. ಅಂಟು ಹಾಳೆಯ ಆಲ್ಬಂ, ಲ್ಯಾಮಿನೇಷನ್, ಸೆಲೋಟೇಪು ಮೂರೂ ಶತ್ರುಗಳು. ಹಿಂಬದಿಯಲ್ಲಿ ಬರೆಯಲು ಬಾಲ್‌ಪೆನ್ ಬೇಡ, ಅದು ಒತ್ತಿ ಮುಂಬದಿಗೆ ಗುರುತು ಬೀಳುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು.

ಮಕ್ಕಳು ಏನು ಕೇಳಬೇಕು? ಯಾರು, ಎಲ್ಲಿ, ಯಾವಾಗ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ಇನ್ನು ನಾಲ್ಕು ಪ್ರಶ್ನೆ ಕೇಳಿ. ಗುಂಡಿ ಒತ್ತಿದವರು ಯಾರು? ಮನೆಯವರಲ್ಲಿ ಈ ಚಿತ್ರದಲ್ಲಿ ಇಲ್ಲದವರು ಯಾರು? ಆ ದಿನದ ಖರ್ಚು ಎಲ್ಲಿಂದ ಬಂತು? ಈ ಫೋಟೋ ಅಲ್ಲಿಂದ ಇಲ್ಲಿಗೆ, ನನ್ನ ಕೈಗೆ, ಹೇಗೆ ಬಂತು? ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ಹಿರಿಯರು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾರೆ. ಕಾಯಿರಿ.

ಸೇಡಮ್ಮಿನ ಹುಡುಗ ಎರಡು ಪುಟ ಬರೆಯಬೇಕಾದಲ್ಲಿ ಏಳು ಪುಟ ಬರೆದ. ಬರೆಯುವಾಗ ಅವನಿಗೆ ಒಂದು ಸಂಗತಿ ಹೊಳೆಯಿತು. ಕುವೈತಿನ ಫೋಟೋದಲ್ಲಿ ಕಾಕಾಮುತ್ಯಾ ಇಲ್ಲ, ಅವನು ಆಗ ಚಿತ್ತಾಪುರದಲ್ಲಿದ್ದ. ಚಂದ್ರಂಪಳ್ಳಿಯ ಫೋಟೋದಲ್ಲೂ ಇಲ್ಲ, ಕ್ಯಾಮೆರಾ ಅವನ ಕೈಯಲ್ಲಿತ್ತು. ಚಿತ್ರವನ್ನು ಎದೆಯ ಮೇಲಿನ ಕಿಸೆಯಲ್ಲಿ ಹೊತ್ತು ಅಲೆದವನ ಒಂದು ಫೋಟೋವೂ ಆ ಟ್ರಂಕಿನಲ್ಲಿ ಸಿಗಲಿಲ್ಲ.

ಮುಂದಿನ ಭಾನುವಾರ ಎಲ್ಲರೂ ಚಂದ್ರಂಪಳ್ಳಿಗೆ ಹೋದರು. ಒಡ್ಡಿನ ಮೇಲೆ ಕಾಕಾನನ್ನು ಒಬ್ಬನನ್ನೇ ನಿಲ್ಲಿಸಿ ಹುಡುಗ ಫೋನಿನಲ್ಲಿ ಚಿತ್ರ ತೆಗೆದ. “ನಂದೊಬ್ಬಂದೇ ಯಾಕೋ?” ಎಂದು ಮುದುಕ ನಾಚಿಕೊಂಡ. ಕಾಗದದ ಮೇಲೆ ಅಚ್ಚು ಹಾಕಿಸಿ ತಂದ ಮೇಲೆ ಹುಡುಗ ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು, ದಿನಾಂಕ ಬರೆದ. ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘1990ರಲ್ಲಿ ಮುತ್ಯಾನನ್ನು ಹುಡುಕಲು ಬೊಂಬಾಯಿಗೆ ಹೋದವರು.’